ಚಕ್ರ, ಛತ್ರ ಮತ್ತು ಬಡಗಿ: ಮರದ ಕೊಡೆಯೊಂದರ ನೆವದಲ್ಲಿ

ಕಾರ್ಕಳದ ಗೊಮ್ಮಟಬೆಟ್ಟ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಿದೆ. ಕಳೆದ ಬೇಸಗೆಯಲ್ಲಿ ಅವರಲ್ಲಿಗೆ ಊಟಕ್ಕೆ ಹೋಗಿದ್ದಾಗ, ಅಂಗಳದಾಚೆಯ ಹೂದೋಟದಲ್ಲಿ ಒಂದು ದೊಡ್ಡ ಮರದ ಕೊಡೆಯನ್ನು ಕಂಡೆ. ಹೋಟೆಲುಗಳ ಹುಲ್ಲುಹಾಸಿನ ಮೇಲೆ ಇಂತಹ ಕೊಡೆಗಳನ್ನು ನಾವೆಲ್ಲರೂ ನೋಡಿದ್ದೇವೆ. ಆದರೆ ಇದು ಅಂಗಡಿಯಿಂದ ತಂದದ್ದಲ್ಲ. ಹತ್ತಿರದ ಊರಿನ ವೃದ್ಧ ಆಚಾರಿಯೊಬ್ಬರು ತಮ್ಮ ಕೈಯಾರೆ ಮಾಡಿಕೊಟ್ಟದ್ದು. ಬಟ್ಟೆಯ ಹೊಲಿಗೆಯೊಂದನ್ನು ಬಿಟ್ಟರೆ ಉಳಿದುದೆಲ್ಲವೂ ಅವರದೇ ಕೆಲಸ. ಆ ದಿನ ಅವರೂ ಅಲ್ಲಿಗೆ ಬಂದಿದ್ದರು. ಒಂದು ಕಡ್ಡಿಯ ಕೀಲು ಬಿಗಿಯಾಗಿದೆಯೆಂದು ಮನೆಯವರು ಹೇಳಿಕಳುಹಿಸಿದ್ದರಂತೆ.

ನಾನು ಕುತೂಹಲದಿಂದ ಕೊಡೆಯ ಕೆಳಗೆ ಹೋಗಿ ತಲೆಯೆತ್ತಿ ನೋಡಿದೆ. ಆಳೆತ್ತರವನ್ನು ಮೀರಿದ ತೇಗದ ದಂಡ. ಅದರ ತುದಿಯಲ್ಲಿ ಕಡೆದು ಮಾಡಿದ ಮರದ ಗುಂಡು. ಅದರ ಸುತ್ತ ಎಂಟು ಸೀಳುಗಳು. ಒಂದೊಂದು ಸೀಳಿನಲ್ಲಿ ಒಂದೊಂದು ಕಡ್ಡಿಯ ಬುಡವನ್ನು ಕೂರಿಸಿ, ಹಿತ್ತಾಳೆಯ ತಂತಿಯಿಂದ ಪೋಣಿಸಲಾಗಿದೆ. ಕೆಳಗೆ ದಂಡದ ಮೇಲೆ ಏರಿಳಿಯುವ ಇನ್ನೊಂದು ಗುಂಡು. ಅದರಿಂದ ಎಂಟು ಗಿಡ್ಡ ಆನಿಕೆಗಳು ಹೊರಟು, ಮೇಲಿನ ಕಡ್ಡಿಗಳ ನಡುವಿಗೆ ಹೆಗಲು ಕೊಟ್ಟಿವೆ. ಹಗ್ಗವನ್ನು ಎಳೆದರೆ ಕೆಳಗಿನ ಗುಂಡು ಮೇಲೇರುತ್ತದೆ, ಎಂಟು ಕಡ್ಡಿಗಳೂ ಏಕಕಾಲಕ್ಕೆ ಅರಳುತ್ತವೆ. ಅನಂತರ ಒಂದು ಮರದ ಗೂಟವನ್ನು ಸಿಕ್ಕಿಸಿದರೆ ಕೊಡೆ ನಿಂತಿತು. ನೆತ್ತಿಯ ಬಟ್ಟೆ ಎರಡು ಪದರವಾಗಿದೆ. ನಡುವಿನ ಸಂದಿನಿಂದ ಗಾಳಿ ಮೇಲಕ್ಕೆ ತಪ್ಪಿಸಿಕೊಂಡು ಹೋಗುವುದರಿಂದ ಕೊಡೆ ಬುಡಮೇಲಾಗುವುದಿಲ್ಲ. ಕಡ್ಡಿಗೆ ಎಳೆ ನೇರವಾಗಿರುವ ಮರವೇ ಬೇಕು, ಎಳೆ ಓರೆಯಾದರೆ ಒಂದೇ ಮಳೆಗಾಲಕ್ಕೆ ಕಡ್ಡಿ ತಿರುಚಿಕೊಳ್ಳುತ್ತದೆ ಎಂದು ಆಚಾರಿ ವಿವರಿಸಿದರು. ಎಂಟರಲ್ಲಿ ಒಂದು ಕಡ್ಡಿ ಕೂದಲೆಳೆಯಷ್ಟು ಉದ್ದವಾದರೂ ಬಟ್ಟೆ ಒಂದು ಬದಿಗೆ ಸುಕ್ಕುಗಟ್ಟುತ್ತದಂತೆ.

"ಇದನ್ನು ಯಾರಿಂದ ಕಲಿತಿರಿ?" ಎಂದು ಕೇಳಿದೆ.

"ಕಲಿಯುವುದು ಏನುಂಟು ಮಾಷ್ಟ್ರೇ? ಪ್ರಾಯದಲ್ಲಿ ಗಾಡಿಯ ಚಕ್ರ ಮಾಡಿದವ ನಾನು. ಚಕ್ರವನ್ನು ಮಲಗಿಸಿದರೆ ಇದೇ ಅಲ್ಲವೇ? ಗುಂಬ ಅದೇ, ಅರೆಗಳು ಅವೇ. ಕಬ್ಬಿಣದ ಪಟ್ಟಿಯ ಬದಲು ಬಟ್ಟೆ ಹಾಕಿದ್ದೇನೆ, ಅಷ್ಟೇ."

ಈ ಮಾತು ಅಂದಿನಿಂದ ನನ್ನ ಮನಸ್ಸಿನಲ್ಲಿ ಕುಳಿತಿದೆ. ಹಳಗನ್ನಡ ಕಾವ್ಯವನ್ನು ಪಾಠ ಹೇಳುತ್ತ ಬಂದ ನನಗೆ ಚಕ್ರವೂ ಛತ್ರವೂ ಒಂದೇ ಪಟ್ಟಿಯಲ್ಲಿ ಬರುವ ಎರಡು ಹೆಸರುಗಳೆಂಬುದು ಗೊತ್ತಿತ್ತು. ಅವೆರಡಕ್ಕೂ ಒಂದೇ ಎಲುಬುಗೂಡು ಎಂಬುದು ಮಾತ್ರ ಒಬ್ಬ ಬಡಗಿ ಹೇಳುವವರೆಗೆ ಹೊಳೆದಿರಲಿಲ್ಲ.

ಮೊದಲು ಶಬ್ದಗಳ ಕಡೆಗೆ ನೋಡೋಣ. ‘ಕೊಡೆ’ ಎಂಬುದು ಅಚ್ಚ ದ್ರಾವಿಡ ಪದ. ತಮಿಳಿನ ಕುಡೈ, ಮಲಯಾಳದ ಕುಡ, ತೆಲುಗಿನ ಗೊಡುಗು ಇದರ ಬಂಧುಗಳು. ಸಂಸ್ಕೃತದ ‘ಛತ್ರ’ವು ಮುಚ್ಚು, ಮರೆಮಾಡು ಎಂಬರ್ಥದ ಧಾತುವಿನಿಂದ ಹುಟ್ಟಿದ್ದು. ಅದರ ಬಳಗದಿಂದ ಕನ್ನಡಕ್ಕೆ ‘ಸತ್ತಿಗೆ’ ಬಂದಿತು. ‘ಆತಪತ್ರ’ವೆಂದರೆ ಬಿಸಿಲಿನಿಂದ ಕಾಯುವುದು. ಯುರೋಪಿನವರ ‘ಪ್ಯಾರಸಾಲ್’ ಎಂಬ ಮಾತಿಗೂ ಬಿಸಿಲನ್ನು ತಡೆಯುವುದು ಎಂದೇ ಅರ್ಥ. ಹೀಗೆ ಕೊಡೆಯ ಮೊದಲ ಕೆಲಸ ಮಳೆಯನ್ನು ತಡೆಯುವುದಲ್ಲ, ನೆರಳನ್ನು ಕೊಡುವುದು. ಅರಸನ ಬಿಳಿಯ ಕೊಡೆ ‘ಬೆಳ್ಗೊಡೆ’ಯಾಯಿತು. ಜಿನಬಿಂಬದ ಮೇಲಿನ ಮೂರು ಕೊಡೆ ‘ಮುಕ್ಕೊಡೆ’ಯಾಯಿತು. ಒಬ್ಬನೇ ಆಳುವುದು ‘ಏಕಚ್ಛತ್ರಾಧಿಪತ್ಯ’ವೆನಿಸಿತು. ಕೊಡೆ ಎಷ್ಟು ಅಗಲವೋ ಅಷ್ಟು ರಾಜ್ಯ ಎಂಬ ಕಲ್ಪನೆ ಈ ಮಾತಿನ ಹಿಂದಿದೆ.

ಚಕ್ರವರ್ತಿಗೆ ಹದಿನಾಲ್ಕು ರತ್ನಗಳಿರುತ್ತವೆಂದು ಜೈನಪುರಾಣಗಳು ಹೇಳುತ್ತವೆ. ಚಕ್ರ, ಛತ್ರ, ದಂಡ, ಖಡ್ಗ, ಮಣಿ, ಚರ್ಮ, ಕಾಕಿಣಿ ಎಂಬ ಏಳು ಅಜೀವರತ್ನಗಳು. ಸೇನಾಪತಿ, ಗೃಹಪತಿ, ಸ್ಥಪತಿ, ಪುರೋಹಿತ, ಗಜ, ಅಶ್ವ, ಸ್ತ್ರೀ ಎಂಬ ಏಳು ಜೀವರತ್ನಗಳು. ಈ ಪಟ್ಟಿಯನ್ನು ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸುತ್ತೇವೆ. ಆದರೆ ಅದರೊಳಗೆ ಒಬ್ಬ ಬಡಗಿ ಕುಳಿತಿದ್ದಾನೆಂಬುದನ್ನು ತಡೆದು ನಿಂತು ನೋಡುವುದಿಲ್ಲ. ಸ್ಥಪತಿ, ತಕ್ಷಕ, ವರ್ಧಕಿ ಎಂದು ಬೇರೆ ಬೇರೆ ಹೆಸರುಗಳಿಂದ ಕರೆಯಿಸಿಕೊಳ್ಳುವವನು ಇವನೇ. ಸೇನಾಪತಿಗೂ ಪುರೋಹಿತನಿಗೂ ಸಮನಾಗಿ ಮರಗೆಲಸದವನನ್ನು ರತ್ನವೆಂದು ಎಣಿಸಿದ್ದು ಸಣ್ಣ ಸಂಗತಿಯಲ್ಲ.

ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿ ಭರತನ ದಿಗ್ವಿಜಯವು ಈ ರತ್ನಗಳೆಲ್ಲವೂ ಕೆಲಸಮಾಡುವ ರಂಗಸ್ಥಳ. ವಿಜಯಾರ್ಧಪರ್ವತದ ಗುಹೆಯೊಳಗೆ ಉನ್ಮಗ್ನಜಲೆ, ನಿಮಗ್ನಜಲೆ ಎಂಬ ಎರಡು ನದಿಗಳು ಅಡ್ಡವಾಗುತ್ತವೆ. ಒಂದು ಬಿದ್ದುದನ್ನು ಮೇಲಕ್ಕೆ ಎಸೆಯುವ ನದಿ, ಇನ್ನೊಂದು ಮುಳುಗಿಸುವ ನದಿ. ಆಗ ಸೇನೆಯನ್ನು ದಾಟಿಸುವವನು ವೀರನಲ್ಲ, ಸೇತುವೆ ಕಟ್ಟುವ ಸ್ಥಪತಿ. ಮುಂದೆ ಮ್ಲೇಚ್ಛರಾಜರ ಪರವಾಗಿ ಮೇಘಮುಖದೇವತೆಗಳು ಏಳು ದಿನ ಎಡೆಬಿಡದೆ ಮಳೆ ಸುರಿಸುತ್ತಾರೆ. ಆಗ ಕೆಳಗೆ ಚರ್ಮರತ್ನ ಹಾಸಾಗುತ್ತದೆ, ಮೇಲೆ ಛತ್ರರತ್ನ ಸೂರಾಗುತ್ತದೆ. ಇಡೀ ಪಾಳೆಯವು ಆ ನಡುವೆ ಬದುಕಿ ಉಳಿಯುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಅರಸನ ತಲೆಗೆಂದು ಇದ್ದ ಕೊಡೆ ಆಪತ್ತಿನ ಹೊತ್ತಿನಲ್ಲಿ ಕಾಲಾಳುವಿಗೂ ಕುದುರೆಗೂ ಒಂದೇ ಸಮನಾಗಿ ಹರಡಿತು ಎಂಬುದನ್ನು.

ಚಕ್ರರತ್ನದ ಕಥೆ ಬೇರೆ. ಅದು ಗೆಲ್ಲುತ್ತ ಗೆಲ್ಲುತ್ತ ಬಂದು ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟಿತು. ಸೋದರರು ಇನ್ನೂ ಮಣಿದಿಲ್ಲವೆಂದು ಅದು ಒಳಗೆ ಬರಲೊಲ್ಲದು. ಕೊನೆಗೆ ತಮ್ಮನ ಮೇಲೆಯೇ ಅದನ್ನು ಪ್ರಯೋಗಿಸಿದಾಗ ಬಾಹುಬಲಿಯನ್ನು ಸುತ್ತಿ ಅವನ ಬಳಿಯಲ್ಲಿಯೇ ಸುಮ್ಮನೆ ನಿಂತಿತು. ಪಂಪನ ಆದಿಪುರಾಣದ ಓದುಗರಿಗೆ ಈ ಸನ್ನಿವೇಶವನ್ನು ನೆನಪಿಸಬೇಕಾಗಿಲ್ಲ. ಒಂದೇ ಗುಂಬ, ಒಂದೇ ಅರೆಗಳು. ನಿಲ್ಲಿಸಿದರೆ ಉರುಳಿ ಗೆಲ್ಲುವ ಚಕ್ರ, ಮಲಗಿಸಿ ಎತ್ತಿಹಿಡಿದರೆ ಕಾಯುವ ಛತ್ರ. ಪುರಾಣದಲ್ಲಿ ಸೋತದ್ದು ಮೊದಲನೆಯದು, ಸೋಲದೆ ಉಳಿದದ್ದು ಎರಡನೆಯದು.

ಪುರಾಣದಿಂದ ಇತಿಹಾಸಕ್ಕೆ ಬಂದರೆ ಕೊಡೆಯ ಈ ಔದಾರ್ಯ ಅಷ್ಟಾಗಿ ಕಾಣುವುದಿಲ್ಲ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಛತ್ರಲಕ್ಷಣಕ್ಕೆ ಒಂದು ಪ್ರತ್ಯೇಕ ಅಧ್ಯಾಯವಿದೆ. ಅರಸನ ಕೊಡೆಯನ್ನು ಹಂಸ, ಕೋಳಿ, ನವಿಲು ಅಥವಾ ಸಾರಸದ ಗರಿಗಳಿಂದ ಹೆಣೆದು, ಹೊಸ ಬಿಳಿಯ ದುಕೂಲವನ್ನು ಹೊದಿಸಿ, ಮುತ್ತುಗಳನ್ನು ತೂಗಬಿಡಬೇಕು. ಅದರ ದಂಡ 6 ಮೊಳ, ಅಗಲ ಅದರ ಅರ್ಧ. ಯುವರಾಜ, ರಾಣಿ, ಸೇನಾಪತಿ, ದಂಡನಾಯಕರ ಕೊಡೆಯ ದಂಡ ನಾಲ್ಕೂವರೆ ಮೊಳ. ಉಳಿದವರ ಕೊಡೆ ಚೌಕಾಕಾರ. ಹೀಗೆ ಯಾರ ತಲೆಯ ಮೇಲೆ ಎಷ್ಟು ನೆರಳು ಎಂಬುದನ್ನು ಮೊಳದಲ್ಲಿ ಅಳೆದು ಬರೆದಿಟ್ಟ ಗ್ರಂಥವಿದು. ನಮ್ಮ ಶಾಸನಗಳಲ್ಲಿ ಸತ್ತಿಗೆಯು ಚಾಮರ, ಪಾಲಕಿಗಳೊಡನೆ ಒಡೆಯನು ಸಾಮಂತನಿಗೆ ಕೊಡುವ ಮರ್ಯಾದೆಯಾಗಿ ಬರುತ್ತದೆ. ಕೊಟ್ಟದ್ದನ್ನು ಕಿತ್ತುಕೊಳ್ಳಲೂ ಬಹುದು. ಸೋತ ಅರಸನ ಬೆಳ್ಗೊಡೆಯನ್ನು ಗೆದ್ದವನು ಸೆಳೆದುಕೊಳ್ಳುವುದು ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಪರಿಚಿತವಾದ ಮಾತು.

ಕೊಡುವ ಮರ್ಯಾದೆ ಇದ್ದಲ್ಲಿ ಕೊಡದಿರುವ ಅವಮಾನವೂ ಇರುತ್ತದೆ. 19ನೆಯ ಶತಮಾನದ ತಿರುವಾಂಕೂರಿನಲ್ಲಿ ಶಾನಾರರೇ ಮೊದಲಾದ ಸಮುದಾಯಗಳಿಗೆ ಕೊಡೆ ಹಿಡಿಯುವ ಹಕ್ಕಿರಲಿಲ್ಲ. ಅದೇ ಕೇರಳದಲ್ಲಿ ನಂಬೂದಿರಿ ಮನೆತನದ ಹೆಣ್ಣುಮಕ್ಕಳು ಹೊರಗೆ ಹೊರಟರೆ ಪರಪುರುಷರಿಗೆ ಮುಖ ಕಾಣದಂತೆ ‘ಮರಕ್ಕುಡ’ ಎಂಬ ಓಲೆಯ ಕೊಡೆಯನ್ನು ಹಿಡಿಯಲೇಬೇಕಾಗಿತ್ತು. ಕನ್ನಡದ ಕಿವಿಗೆ ಅದು ಮರದ ಕೊಡೆಯೆಂದು ಕೇಳೀತು. ನಿಜವಾಗಿ ಅದು ಮರೆಯ ಕೊಡೆ. ಒಬ್ಬರಿಗೆ ಹಿಡಿದರೆ ತಪ್ಪು, ಇನ್ನೊಬ್ಬರಿಗೆ ಹಿಡಿಯದಿದ್ದರೆ ತಪ್ಪು! 20ನೆಯ ಶತಮಾನದ ಮೊದಲ ದಶಕಗಳ ಸುಧಾರಣೆಯ ಚಳವಳಿಯಲ್ಲಿ ಆ ಹೆಣ್ಣುಮಕ್ಕಳು ಮರಕ್ಕುಡವನ್ನು ಕೆಳಗಿಟ್ಟು ಬಯಲಿಗೆ ಬಂದದ್ದು ಒಂದು ದೊಡ್ಡ ಬಿಡುಗಡೆಯಾಗಿತ್ತು. ನೆರಳೆಲ್ಲವೂ ತಂಪಲ್ಲ ಎಂಬುದನ್ನು ಕೊಡೆಯ ಚರಿತ್ರೆ ಬರೆಯುವವರು ಮರೆಯಬಾರದು.

ಇನ್ನು ಕೊಡೆಯನ್ನು ಮಾಡಿದವರ ವಿಚಾರ. ಮರ, ಬಿದಿರು, ಓಲೆ, ಬಟ್ಟೆ ಇವೆಲ್ಲವೂ ಕಾಲಕ್ಕೆ ಆಹುತಿಯಾಗುವ ವಸ್ತುಗಳು. ಸಾಂಚಿಯ ಸ್ತೂಪದ ನೆತ್ತಿಯ ಮೂರು ಕೊಡೆಗಳು ಉಳಿದಿರುವುದು ಅವು ಕಲ್ಲಿನವಾದ್ದರಿಂದ. ಆದರೆ ಒಂದು ಅಪವಾದವುಂಟು. ಮಹಾರಾಷ್ಟ್ರದ ಲೋಣಾವಳದ ಬಳಿಯ ಕಾರ್ಲೆಯ ಬೌದ್ಧ ಚೈತ್ಯದೊಳಗೆ, ಬಂಡೆಯಲ್ಲಿ ಕೊರೆದ ಸ್ತೂಪದ ತುದಿಯಲ್ಲಿ ಮರದ ಕೊಡೆಯೊಂದು ಇಂದಿಗೂ ನಿಂತಿದೆ. ಕ್ರಿಸ್ತಶಕದ ಆರಂಭದ ಶತಮಾನಗಳ ಆ ಕೊಡೆಯ ತಳಭಾಗದಲ್ಲಿ ಕೆತ್ತನೆಯಿದೆ. ಗುಹೆಯ ಕಮಾನಿನ ಮರದ ತೊಲೆಗಳೂ ಆ ಕಾಲದವೇ. ಮಳೆ ಬಿಸಿಲು ತಾಗದ ಒಳಗುಹೆಯಲ್ಲಿ ನೆರಳಿಗೇ ನೆರಳು ಸಿಕ್ಕಿದ್ದರಿಂದ ಅದು ಉಳಿಯಿತು ಎನ್ನಬೇಕು.

ಕಾರ್ಲೆಗೂ ಕನ್ನಡನಾಡಿಗೂ ಒಂದು ನಂಟಿದೆ. ಜಂಬೂದ್ವೀಪದಲ್ಲಿಯೇ ಶ್ರೇಷ್ಠವಾದ ಈ ಶಿಲಾಗೃಹವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲನು ಪೂರ್ಣಗೊಳಿಸಿದನೆಂದು ಅಲ್ಲಿಯ ಪ್ರಾಕೃತ ಶಾಸನವೊಂದು ಸಾರುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ಅದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಚೈತ್ಯದ ಇನ್ನೊಂದು ಪುಟ್ಟ ಶಾಸನ. ಧೇನುಕಾಕಟದ ವಡ್ಢಕಿ, ವೇಣುವಾಸನ ಮಗ ಸಾಮಿಯು ಮನೆಯ ಬಾಗಿಲನ್ನು ಮಾಡಿದನೆಂದು ಅದು ಹೇಳುತ್ತದೆ. ವಡ್ಢಕಿಯೆಂದರೆ ಸಂಸ್ಕೃತದ ವರ್ಧಕಿ, ನಮ್ಮ ಕನ್ನಡದ ‘ಬಡಗಿ’. ಆ ಕೊಡೆಯನ್ನು ಮಾಡಿದವನೂ ಅವನೇ ಎಂದು ಶಾಸನ ಹೇಳುವುದಿಲ್ಲ, ನಾವೂ ಹೇಳಬಾರದು. ಆದರೆ ಕೊಡೆಯ ಒಡೆಯರ ಬಿರುದುಗಳಿಂದ ತುಂಬಿ ತುಳುಕುವ ನಮ್ಮ ಶಾಸನರಾಶಿಯಲ್ಲಿ, ಮರದ ಕೊಡೆ ಉಳಿದಿರುವ ಸ್ಥಳದಲ್ಲಿಯೇ ಒಬ್ಬ ಬಡಗಿ ತಂದೆಯ ಹೆಸರಿನ ಸಮೇತ ಉಳಿದಿದ್ದಾನೆ ಎಂಬುದು ಸಮಾಧಾನದ ಸಂಗತಿ. ಹದಿನಾಲ್ಕು ರತ್ನಗಳ ಪಟ್ಟಿಯ ‘ವರ್ಧಕಿ’ಗೆ ಕಾರ್ಲೆಯಲ್ಲಿ ಒಂದು ಮುಖ ಸಿಕ್ಕಿತು.

ಅರಮನೆಯ ಕೊಡೆಗಿಂತ ಜನರ ಕೊಡೆ ಸರಳವಾದದ್ದು. ಪಶ್ಚಿಮ ಕರಾವಳಿಯಲ್ಲಿ ಅದನ್ನು ಕೊಟ್ಟ ಮರ ಶ್ರೀತಾಳೆ. ಬಿದಿರಿನ ಸೀಳುಗಳ ಚೌಕಟ್ಟಿಗೆ ಅದರ ಅಗಲವಾದ ಗರಿಯನ್ನು ಹೊದಿಸಿ ಹೊಲಿದರೆ ಓಲೆಕೊಡೆ. 1682ರಲ್ಲಿ ಪ್ರಕಟವಾದ ಹೊರ್ಟುಸ್ ಮಲಬಾರಿಕುಸ್ ಗ್ರಂಥದ 3ನೆಯ ಸಂಪುಟವು ಈ ಮರವನ್ನು ಮಲಯಾಳದ ‘ಕುಡಪ್ಪನ’ ಎಂಬ ಹೆಸರಿನಿಂದಲೇ ಚಿತ್ರಸಹಿತ ವರ್ಣಿಸಿದೆ. ಕೊಡೆಯ ತಾಳೆ ಎಂದು ಅದರ ಅರ್ಥ. 1753ರಲ್ಲಿ ಲಿನೀಯಸನು ಅದಕ್ಕೆ ‘ಉಂಬ್ರಾಕ್ಯುಲಿಫೆರಾ’ ಎಂದು ಶಾಸ್ತ್ರೀಯ ನಾಮವನ್ನು ಕೊಟ್ಟಾಗಲೂ ‘ಕೊಡೆ ಹೊತ್ತದ್ದು’ ಎಂಬ ಅರ್ಥವೇ ಉಳಿಯಿತು. ದಶಕಗಳ ಕಾಲ ಬೆಳೆದು, ಒಮ್ಮೆ ಮಾತ್ರ ಹೂಬಿಟ್ಟು, ಕಾಯಿ ಮಾಗಿದ ಮೇಲೆ ಸಾಯುವ ಮರವಿದು. ಇದೇ ಮರದ ಗರಿ ನಮ್ಮ ಗ್ರಂಥಗಳ ಒಡಲೂ ಆಗಿತ್ತು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲಾ ಗ್ರಂಥಗಳ ಪ್ರತಿಗಳು ಶ್ರೀತಾಳೆಯ ಓಲೆಯವು. ಒಂದೇ ಗರಿ ಒಂದೆಡೆ ಗದ್ದೆಗೆ ಹೋಗುವವನ ತಲೆಯನ್ನು ಕಾಯಿತು, ಇನ್ನೊಂದೆಡೆ ಶ್ರುತವನ್ನು ಕಾಯಿತು. ಇನ್ನು ಮಲೆನಾಡಿನಲ್ಲಿ ನಾಟಿ ಮಾಡುವ ಹೆಂಗಸರು ಬೆನ್ನ ಮೇಲೆ ಹೊರುತ್ತಿದ್ದ ಗೊರಬನ್ನು ಹೇಳದಿದ್ದರೆ ಈ ಕಥೆ ಅರ್ಧವಾಗುತ್ತದೆ. ಅರಸನ ಕೊಡೆಗೆ ಹಿಡಿಯುವ ಆಳು ಬೇಕು. ಸಾಮಾನ್ಯನ ಕೊಡೆಗೆ ಅವನದೇ ಒಂದು ಕೈ ಬೇಕು. ಗೊರಬಿಗೆ ಯಾವ ಕೈಯೂ ಬೇಡ, ಏಕೆಂದರೆ ಅವಳ ಎರಡು ಕೈಗಳೂ ಕೆಸರಿನಲ್ಲಿವೆ.

ಯಾವ ಕೈಯೂ ಬೇಡದ ಇನ್ನೊಂದು ಕೊಡೆ ಮುಕ್ಕೊಡೆ. ತೀರ್ಥಂಕರನ ಅಷ್ಟಮಹಾಪ್ರಾತಿಹಾರ್ಯಗಳಲ್ಲಿ ನೆರಳನ್ನು ಕೊಡುವಂಥವು ಎರಡಿವೆ, ಅಶೋಕವೃಕ್ಷ ಮತ್ತು ಛತ್ರತ್ರಯ. ಒಂದು ಬೆಳೆದ ನೆರಳು, ಇನ್ನೊಂದು ಮಾಡಿದ ನೆರಳು. ನಮ್ಮ ಬಸದಿಗಳ ಬಿಂಬಗಳಲ್ಲಿ ಚಾಮರ ಬೀಸುವವರು ಎರಡೂ ಬದಿಗೆ ನಿಂತಿರುತ್ತಾರೆ. ಮುಕ್ಕೊಡೆಗೆ ಮಾತ್ರ ಹಿಡಿದವರಿಲ್ಲ, ಎಷ್ಟೋ ಬಿಂಬಗಳಲ್ಲಿ ದಂಡವೂ ಇಲ್ಲ. ಮೂರು ಲೋಕದ ಒಡೆತನವನ್ನು ಸಾರುವ ಕೊಡೆಗೆ ಒಬ್ಬ ಆಳಿನ ತೋಳು ನೋಯಬೇಕಾಗಿಲ್ಲ. ಇದಕ್ಕೆ ಎದುರಾಗಿ ಐಹೊಳೆಯ ಜೈನ ಗುಹೆಯ ಪಾರ್ಶ್ವನಾಥನ ಫಲಕವನ್ನು ನೋಡಬೇಕು. ಅಲ್ಲಿ ಕಮಠನ ಉಪಸರ್ಗದ ನಡುವೆ ಸ್ವಾಮಿಯ ಮೇಲೆ ನಾಗರಾಣಿ ಪದ್ಮಾವತಿ ಉದ್ದನೆಯ ದಂಡದ ಕೊಡೆಯನ್ನು ಹಿಡಿದಿದ್ದಾಳೆ. ಎಲ್ಲೋರದ ಜೈನ ಗುಹೆಗಳಲ್ಲಿಯೂ ಈ ದೃಶ್ಯವಿದೆ. ಅವಳಿಗೆ ಯಾರೂ ಆಜ್ಞೆ ಮಾಡಿಲ್ಲ. ಸಂಬಳದ ಊಳಿಗವಾಗಿದ್ದ ಕೊಡೆ ಹಿಡಿಯುವ ಕೆಲಸ ಇಲ್ಲಿ ಕೃತಜ್ಞತೆಯಾಗಿದೆ. ಕೊಡೆಯ ಚರಿತ್ರೆಯಲ್ಲಿ ಇದು ನನಗೆ ತುಂಬ ಪ್ರಿಯವಾದ ಚಿತ್ರ.

1852ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ ಉಕ್ಕಿನ ಕಡ್ಡಿಯ ಚೌಕಟ್ಟನ್ನು ರೂಪಿಸಿದ ಮೇಲೆ ಕೈಕೊಡೆಯ ಮೈಯಿಂದ ಮರ, ಬೆತ್ತ, ತಿಮಿಂಗಿಲದ ಎಲುಬು ಎಲ್ಲವೂ ಕ್ರಮೇಣ ಮರೆಯಾದವು. ಕೊಡೆ ಅಗ್ಗವಾಯಿತು, ಹಗುರವಾಯಿತು. ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಕೊಳ್ಳುವಂತಾಯಿತು. ಇದು ಒಳ್ಳೆಯದೇ ಆಯಿತೆಂದು ನಾನು ನಂಬುತ್ತೇನೆ. ಮರ್ಯಾದೆಯ ಕೊಡೆಗಿಂತ ಅಂಗಡಿಯ ಕೊಡೆ ಹೆಚ್ಚು ನ್ಯಾಯವಾದದ್ದು. ಮರದ ಕೊಡೆಗೆ ಉಳಿದ ಜಾಗಗಳು ಎರಡು: ದೇವರ ಉತ್ಸವ ಮತ್ತು ಶ್ರೀಮಂತರ ತೋಟ.

ಹಾಗಿದ್ದರೂ ಆ ದಿನ ತೋಟದಲ್ಲಿ ಅದರ ಕೆಳಗೆ ಕುಳಿತಾಗ ಮನಸ್ಸಿಗೆ ಒಂದು ಬಗೆಯ ನೆಮ್ಮದಿ ಆದದ್ದು ಸುಳ್ಳಲ್ಲ. ಅದರ ಕಾರಣವನ್ನು ಹುಡುಕಿದಾಗ ಹೊಳೆದದ್ದು ಇಷ್ಟು. ಲೋಹದ ಕೊಡೆಯ ಒಂದು ಕಡ್ಡಿ ಮುರಿದರೆ ಇಡೀ ಕೊಡೆ ಕಸವಾಗುತ್ತದೆ. ಈ ಕೊಡೆಯಲ್ಲಿ ಪ್ರತಿಯೊಂದು ಅಂಗವನ್ನೂ ಕಳಚಬಹುದು, ಬದಲಿಸಬಹುದು. ಆಚಾರಿ ಅಂದು ಬಿಗಿದ ಕೀಲಿನ ತಂತಿಯನ್ನು ಎಳೆದು, ಸೀಳನ್ನು ಉಳಿಯಿಂದ ಎರಡು ಸಲ ಸವರಿ, ಗೇರೆಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ಒರೆಸಿದರು. ಕಾಲು ಗಂಟೆಯ ಕೆಲಸ. ಮಳೆಗೆ ಮರ ಉಬ್ಬುತ್ತದೆ, ಬೇಸಗೆಗೆ ಕುಗ್ಗುತ್ತದೆ, ಆದ್ದರಿಂದ ಸೀಳಿನಲ್ಲಿ ಮರಕ್ಕೆ ಉಸಿರಾಡುವಷ್ಟು ಎಡೆ ಬಿಡಬೇಕು, ತಾನು ಒಂದರಲ್ಲಿ ಬಿಟ್ಟಿರಲಿಲ್ಲ, ಅದು ತನ್ನ ತಪ್ಪು ಎಂದರು. ತಪ್ಪು ಯಾರದೆಂದು ಗೊತ್ತಿರುವ, ತಪ್ಪು ಮಾಡಿದವರೇ ಬಂದು ತಿದ್ದುವ ವಸ್ತುಗಳು ಈಗ ನಮ್ಮ ಮನೆಗಳಲ್ಲಿ ಎಷ್ಟಿವೆ? ಕೈಕೆಲಸದ ಆಕರ್ಷಣೆಯನ್ನು ಬರಿಯ ಅಂದಚೆಂದದ ಮಾತಾಗಿ ನೋಡುವವರು ಈ ಅಂಶವನ್ನು ಮರೆಯುತ್ತಾರೆ.

ಮುಂದಿನ ಕೊಡೆ ಯಾರಿಗೆ ಎಂದು ಕೇಳಿದೆ. ಯಾರಿಗೂ ಇಲ್ಲವಂತೆ. ಹೋಟೆಲಿನವರೊಬ್ಬರು ಬಂದು ನೋಡಿ ಹೋದರು, ಇದರ ಬೆಲೆಗೆ ಕಬ್ಬಿಣದ್ದು ನಾಲ್ಕು ಬರುತ್ತದೆ ಎಂದರಂತೆ. ಮಗ ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. "ಅವನಿಗೆ ಚಕ್ರವೂ ಗೊತ್ತಿಲ್ಲ, ಕೊಡೆಯೂ ಗೊತ್ತಿಲ್ಲ. ತಪ್ಪು ಹೇಳುವ ಹಾಗಿಲ್ಲ ಮಾಷ್ಟ್ರೇ, ನನಗೇ ಕೆಲಸ ಇಲ್ಲದಾಗ ಅವನಿಗೆ ಏನು ಕಲಿಸುವುದು?" ಎಂದರು. ದೂರಿನ ದನಿ ಅದರಲ್ಲಿರಲಿಲ್ಲ. ರಥದ ಚಕ್ರ ಬಲ್ಲ ಕೈಗಳು ಒಂದೊಂದು ಊರಿನಲ್ಲಿ ಇಂದು ಎಷ್ಟು ಉಳಿದಿವೆ ಎಂದು ಬಸದಿಯ, ದೇವಸ್ಥಾನದ ಆಡಳಿತದವರು ಒಮ್ಮೆ ಎಣಿಸಿ ನೋಡಬೇಕು. ಉತ್ಸವದ ಸತ್ತಿಗೆಯನ್ನು ಪೇಟೆಯಿಂದ ತರುವ ಮುನ್ನ ಹಳೆಯದನ್ನು ರಿಪೇರಿಗೆ ಕೊಟ್ಟರೂ ಸಾಕು, ಒಬ್ಬರ ಕೈ ಇನ್ನೊಂದು ವರ್ಷ ಆಡುತ್ತದೆ. ರತ್ನಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಅದರಲ್ಲೊಂದನ್ನು ಉಳಿಸಿಕೊಳ್ಳುವುದು ಮೇಲು.

ಹೊರಡುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟ ಕಾಣುತ್ತಿದ್ದ. ಬಾಹುಬಲಿಯ ತಲೆಯ ಮೇಲೆ ಬೆಳ್ಗೊಡೆಯೂ ಇಲ್ಲ, ಮುಕ್ಕೊಡೆಯೂ ಇಲ್ಲ. ಗೆದ್ದ ಮೇಲೆ ಅವನು ಚಕ್ರವನ್ನು ಮಾತ್ರವಲ್ಲ, ಛತ್ರವನ್ನೂ ಬಿಟ್ಟ. ಕರಾವಳಿಯ ಮಳೆಗೂ ಬಿಸಿಲಿಗೂ ಅವನು ಆರು ಶತಮಾನಗಳಿಗೆ ಸಮೀಪವಾಗಿ ತಲೆಯೊಡ್ಡಿ ನಿಂತಿದ್ದಾನೆ. ಆದರೆ ನೆರಳನ್ನು ಬಿಡಬಲ್ಲವನು ಅವನೊಬ್ಬನೇ, ನಮ್ಮಂಥವರಿಗೆ ಅದು ಬೇಕು. ಆಚಾರಿ ತಮ್ಮ ಉಳಿ, ಎಣ್ಣೆಯ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಕೊಡೆಯ ಹೊರಗೆ, ಬಿಸಿಲಿನಲ್ಲಿ ನಿಂತಿದ್ದರು. ಮನೆಯ ಹಿರಿಯಮ್ಮ ಮಜ್ಜಿಗೆಯ ಲೋಟಗಳನ್ನು ಹಿಡಿದು ಬಂದವರು, "ಅಲ್ಲಿ ಯಾಕೆ ನಿಂತಿದ್ದೀರಿ ಆಚಾರ್ರೇ? ಇತ್ತ ನೆರಳಿಗೆ ಬನ್ನಿ, ಕೂತು ಕುಡಿಯಿರಿ" ಎಂದರು. ನಾನು ಕುರ್ಚಿಯನ್ನು ಸ್ವಲ್ಪ ಸರಿಸಿದೆ. ಅವರು ಬಂದು ತಾವು ಮಾಡಿದ ಕೊಡೆಯ ಕೆಳಗೆ ಕುಳಿತರು.